ಮೀನಿಗೆ ಸಲಾಂ

ಸೇಡು ಸಣ್ಣವರ ಕೆಲಸ ಎನ್ನುವವರಿಗೆ ನನ್ನದೊಂದು ಪ್ರಶ್ನೆಯಿದೆ. ತುಂಬಿದ ಸಭೆಯಲ್ಲಿ ನಿಮ್ಮನ್ನು ನಗೆಪಾಟಲು ಮಾಡಿದ ಮನುಷ್ಯ ಎಂದಾದರೂ ನಿಮ್ಮದೇ ಕಾರಿನ ಹಿಂದಿನ ಸೀಟಿನಲ್ಲಿ ಕೂತು, ನಿಮಗೆ ಗೊತ್ತಿದ್ದು ತನಗೆ ಗೊತ್ತಿಲ್ಲದ ಒಂದು ಸಂಗತಿಗಾಗಿ ತಲೆ ಕೆಡಿಸಿಕೊಂಡಿದ್ದಾನೆಯೇ? ಇಲ್ಲವೆಂದಾದರೆ ಈ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬರೀ ಅಭಿಪ್ರಾಯ. ನನ್ನದು ಸಾಕ್ಷ್ಯ.

ಆ ಮನುಷ್ಯ ಅಪ್ಪನ ಕಂಪನಿಯ ಮ್ಯಾನೇಜರ್. ಅಪ್ಪ ಅಲ್ಲಿ ಸ್ಟೋರ್ ನೋಡಿಕೊಳ್ಳುತ್ತಾರೆ. ಒಮಾನಿನ ಈ ಸೂರ್ ಸಣ್ಣ ಊರು. ಇಲ್ಲಿ ಕನ್ನಡ ಓದಬಲ್ಲವರೆಲ್ಲ ಒಬ್ಬರಿಗೊಬ್ಬರು ಗೊತ್ತು. ಹಾಗಾಗಿ ನವೆಂಬರ್ ಬಂದರೆ ಯಾವುದೋ ಹಾಲ್ ಹಿಡಿದು ಕಾರ್ಯಕ್ರಮ ಮಾಡುತ್ತಾರೆ, ಮಕ್ಕಳಿಗೆ ಚರ್ಚಾಸ್ಪರ್ಧೆ ಇಡುತ್ತಾರೆ, ಮ್ಯಾನೇಜರನ್ನು ತೀರ್ಪುಗಾರರನ್ನಾಗಿ ಕೂರಿಸುತ್ತಾರೆ. ನಾನು ಆಗ ಹನ್ನೆರಡನೇ ತರಗತಿ. ಶಾಲೆಯ ಡಿಬೇಟ್ ತಂಡದಲ್ಲಿ ಆರು ವರ್ಷ ನಾಲಗೆ ಮಸೆದವಳು. ಆ ವರ್ಷದ ವಿಷಯ, ಅನಿವಾಸಿ ಕನ್ನಡಿಗರು ಮನೆಯಲ್ಲಿ ಕನ್ನಡವನ್ನೇ ಆಡಬೇಕು ಎಂಬುದು. ನಾನು ವಿರೋಧ ಪಕ್ಷ. ಈ ಹಾಲ್‌ನಲ್ಲಿರುವ ಮುಕ್ಕಾಲು ಪಾಲು ಮನೆಗಳಲ್ಲಿ ಕನ್ನಡ ಎಂದೂ ಮನೆಮಾತಾಗಿರಲೇ ಇಲ್ಲ, ತುಳುವಿನಲ್ಲಿ ಬೈಯುವ ಅಪ್ಪ, ಕೊಂಕಣಿಯಲ್ಲಿ ಮುದ್ದು ಮಾಡುವ ಅಮ್ಮ ವೇದಿಕೆ ಹತ್ತಿದ ಕೂಡಲೇ ಕನ್ನಡಾಂಬೆಯ ಮಕ್ಕಳಾಗುವುದು ಹೇಗೆ ಎಂದು ಕೇಳಿದೆ. ಪರವಾಗಿ ಮಾತಾಡಿದ ಹುಡುಗ ನಡುವೆ ಮೂರು ಸಲ ‘ಆ್ಯಕ್ಚುವಲಿ’ ಅಂದ. ಅದನ್ನೂ ಎತ್ತಿ ತೋರಿಸಿದೆ. ನಾನು ಗೆದ್ದಿದ್ದೆ. ಇದರಲ್ಲಿ ನನಗೆ ವಿನಯವಿಲ್ಲ.

ತೀರ್ಪುಗಾರರು ಮೈಕ್ ಹಿಡಿದು ಎದ್ದರು. “ಲಾಯರಮ್ಮ ಭಾರೀ ಚಂದ ಮಾತಾಡಿದ್ರು. ಆದ್ರೆ ಒಂದು ಹೇಳ್ಬೇಕು. ಇವರನ್ನು ಮನೆ ತುಂಬಿಸಿಕೊಳ್ಳುವ ಅತ್ತೆ ಯಾರೋ, ಪಾಪ, ಅವರು ಮೊದಲೇ ಒಂದು ಇನ್ಶೂರೆನ್ಸ್ ಮಾಡಿಸಿಕೊಂಡ್ರೆ ಒಳ್ಳೇದು.”

ಹಾಲ್ ನಕ್ಕಿತು. ಬಹುಮಾನ ಆ ‘ಆ್ಯಕ್ಚುವಲಿ’ ಹುಡುಗನಿಗೆ ಹೋಯಿತು. ಅದನ್ನೆಲ್ಲ ಸಹಿಸಬಹುದಿತ್ತು. ಮೂರನೇ ಸಾಲಿನಲ್ಲಿ ಅಪ್ಪನೂ ನಕ್ಕರು. ಬಾಸ್ ಜೋಕ್ ಮಾಡಿದರೆ ನಗುವುದು ಸಂಬಳದ ಒಂದು ಭಾಗ ಎಂದು ಇವತ್ತು ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ಮಾಫಿ ಆಗುವುದಿಲ್ಲ.

ಅಂದಿನಿಂದ ಎಲ್ಲಿ ಸಿಕ್ಕರೂ ಅವರು ನನ್ನನ್ನು ಕರೆಯುತ್ತಿದ್ದದ್ದು ಲಾಯರಮ್ಮ ಎಂದೇ. ನಾನು ಡಿಗ್ರಿ ಮುಗಿಸಿ ಇಲ್ಲಿಯೇ ಒಂದು ಸಾಗಣೆ ಕಚೇರಿಯಲ್ಲಿ ಕಡತ ನೋಡುವ ಕೆಲಸಕ್ಕೆ ಸೇರಿದ ಮೇಲೂ ಅದೇ.

ಕಳೆದ ಚಳಿಗಾಲ ಅವರಿಗೆ ಒಮಾನಿನ ಕೊನೆಯ ಚಳಿಗಾಲವಾಗಿತ್ತು. ನಿವೃತ್ತಿ. ಜನವರಿ ಕೊನೆಗೆ ಮಂಗಳೂರಿಗೆ ಹೊರಡುವುದು. ಕುರ್ಚಿ ಬೇರೆಯವರಿಗೆ ಒಪ್ಪಿಸಿ ಆದ ಮೇಲೆ, ಅವರು ಅಟ್ಟದಿಂದ ಒಂದು ಉದ್ದನೆಯ ಕೊಳವೆ ಇಳಿಸಿದರು. ಒಳಗೆ ನಾಲ್ಕು ತುಂಡಾಗಿ ಫ್ಲೈ ರಾಡ್, ಅಂದರೆ ಎರೆಯ ಬದಲು ಗರಿ ಸುತ್ತಿದ ಕೊಕ್ಕೆ ಬೀಸಿ ಮೀನು ಹಿಡಿಯುವ ಕೋಲು. ಒಮಾನಿಗೆ ಬರುವ ಮುನ್ನ ಅವರು ಸ್ಕಾಟ್ಲೆಂಡಿನಲ್ಲಿ ಮೂರು ವರ್ಷ ಇದ್ದವರು; ಅಲ್ಲಿ ಚಳಿಗಾಲದಲ್ಲಿ ಟ್ರೌಟ್ ಎಂಬ ತಣ್ಣೀರಿನ ಮೀನು ಹಿಡಿದ ಕಥೆಯನ್ನು ಕೇಳದ ಕನ್ನಡಿಗ ಸೂರಿನಲ್ಲಿಲ್ಲ. ಇಲ್ಲಿ ಟ್ರೌಟ್ ಇಲ್ಲ, ಇರುವುದೂ ಸಾಧ್ಯವಿಲ್ಲ. ಆದರೆ ಖೋರ್ ಇದೆ. ಖೋರ್ ಎಂದರೆ ಸಮುದ್ರ ಊರೊಳಕ್ಕೆ ನುಗ್ಗಿ ಕೆರೆಯ ಹಾಗೆ ನಿಂತ ಹಿನ್ನೀರು. ಚಳಿಗಾಲದಲ್ಲಿ ಅದರ ಬಾಯಿಗೆ ಸಣ್ಣ ಮೀನಿನ ಹಿಂಡು ಬರುತ್ತದೆ, ಅದರ ಬೆನ್ನಿಗೆ ಕ್ವೀನ್‌ಫಿಶ್ ಬರುತ್ತದೆ: ತೆಳ್ಳಗೆ, ಬೆಳ್ಳಗೆ, ಅಲಗಿನ ಹಾಗಿರುವ ಮೀನು.

“ಇಷ್ಟು ವರ್ಷ ಇದ್ದು, ಈ ಸಮುದ್ರದಿಂದ ಫ್ಲೈಯಲ್ಲಿ ಒಂದು ಮೀನೂ ಹಿಡೀದೆ ಹೋದೆ ಅಂತ ಆಗ್ಬಾರ್ದು,” ಎಂದು ಅಪ್ಪನ ಹತ್ತಿರ ಹೇಳಿದರಂತೆ. “ಒಂದೇ ಒಂದು. ಸಾಕು. ಒಂದು ಫೋಟೋ.”

ನೀರಿನ ಏರಿಳಿತ ಅಪ್ಪನಿಗೆ ಗೊತ್ತು. ಶುಕ್ರವಾರ ಬೆಳಗ್ಗೆ ಖೋರ್ ದಡದಲ್ಲಿ ಕೈದಾರ ಹಾಕಿ ಮೀನು ಹಿಡಿಯುವುದು ಅವರ ಏಕೈಕ ಐಷಾರಾಮ. ಆದರೆ ಆ ತಿಂಗಳು ಅಪ್ಪನಿಗೆ ಕಣ್ಣಿನ ಆಪರೇಷನ್ ಆಗಿ ಡ್ರೈವಿಂಗ್ ಬೇಡ ಎಂದಿದ್ದರು. ಹೀಗೆ ಆರು ಶುಕ್ರವಾರ, ಬೆಳಕು ಹರಿಯುವ ಹೊತ್ತಿಗೆ, ಅವರಿಬ್ಬರನ್ನೂ ಕರೆದುಕೊಂಡು ಹೋಗುವ ಡ್ರೈವರ್ ನಾನಾದೆ.

ಮೊದಲ ದಿನವೇ ಹಿಂದಿನ ಸೀಟಿನಿಂದ ಸ್ಕಾಟ್ಲೆಂಡ್ ಶುರುವಾಯಿತು.

“ಇದೆಲ್ಲ ಎಂತ ಚಳಿ ಮಾರಾಯ್ರೆ. ಅಲ್ಲಿ ಜನವರಿಯಲ್ಲಿ ನದಿಯಲ್ಲಿ ನಿಂತ್ರೆ ರಾಡಿನ ರಿಂಗಿನಲ್ಲಿ ಐಸ್ ಕಟ್ತದೆ. ಬಾಯಲ್ಲಿ ಊದಿ ಊದಿ ಕರಗಿಸ್ಬೇಕು. ಹಾಗೆ ಹಿಡಿದ ಟ್ರೌಟ್ ಅದು.”

“ಅಂಕಲ್, ಅದು ಬ್ರೌನ್ ಟ್ರೌಟಾ?” ನಾನು ಕೇಳಿದೆ. ಹಿಂದಿನ ದಿನ ಊಟದ ಬಿಡುವಿನಲ್ಲಿ ಓದಿಕೊಂಡೇ ಬಂದಿದ್ದೆ. ಎದುರಾಳಿಯ ಕಡತವನ್ನು ಎದುರಾಳಿಗಿಂತ ಚೆನ್ನಾಗಿ ಓದಬೇಕು ಎಂದು ನಮಗೆ ಕಲಿಸಿದ್ದರು.

“ಮತ್ತೆ? ನದಿಯಲ್ಲಿ ಅದೇ ಇರುದು.”

“ಅಲ್ಲಿ ಚಳಿಗಾಲಕ್ಕೆ ಅದನ್ನು ಹಿಡಿಯುವ ಹಾಗಿಲ್ಲ ಅಲ್ವಾ? ಮೊಟ್ಟೆ ಇಡುವ ಸಮಯ, ಕಾನೂನು ಉಂಟಂತೆ.”

“ಅದು... ಚಳಿಗಾಲಕ್ಕೆ ರೇನ್‌ಬೋ. ಆ ಟ್ರೌಟ್ ಲೇಕಿನಲ್ಲಿ.”

“ಲೇಕಿಗೆ ಎಲ್ಲಿಂದ ಬರ್ತದೆ?”

“ಫಾರ್ಮಿಂದ ತಂದು ಬಿಡ್ತಾರೆ.”

“ಲಾರಿಯಲ್ಲಾ?”

ಅಪ್ಪ ಕೆಮ್ಮಿದರು. “ನೀನು ರೋಡ್ ನೋಡು.”

ನಾನು ರೋಡ್ ನೋಡಿದೆ. ಅಷ್ಟೊಂದು ಸಂತೋಷದಿಂದ ರೋಡ್ ನೋಡಿದ್ದು ನನಗೆ ನೆನಪಿಲ್ಲ.

ಒಂದು ಮಾತು ಒಪ್ಪಿಕೊಳ್ಳಬೇಕು. ಅವರು ದಾರ ಬೀಸುವುದು ಚಂದ. ಮೊಣಕಾಲು ನೀರಿನಲ್ಲಿ ನಿಂತು, ಗರಿ ಮತ್ತು ಕೂದಲು ಸುತ್ತಿದ ತೂಕವೇ ಇಲ್ಲದ ಒಂದು ಕೊಕ್ಕೆಯನ್ನು, ದಪ್ಪ ದಾರದ ಭಾರದಿಂದಲೇ ಹಿಂದಕ್ಕೆ ಮುಂದಕ್ಕೆ ಬೀಸಿ, ದಾರ ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತ ಹೋಗಿ ನೀರ ಮೇಲೆ ಸದ್ದಿಲ್ಲದೆ ಮಲಗುವುದು. ಆಮೇಲೆ ಎಡಗೈಯಿಂದ ದಾರವನ್ನು ಗೇಣು ಗೇಣಾಗಿ ಎಳೆಯುತ್ತಾರೆ. ನೀರೊಳಗೆ ಗರಿ ಹೆದರಿದ ಮರಿಮೀನಿನ ಹಾಗೆ ಓಡುತ್ತದೆ. ಇಲ್ಲಿಯವರೆಗೆ ಎಲ್ಲವೂ ಸರಿ. ಮೀನು ಬಂದು ಕಚ್ಚಿದಾಗ ಮಾತ್ರ ಅವರು ಬಲಗೈಯ ರಾಡನ್ನು ಆಕಾಶಕ್ಕೆ ಎತ್ತುತ್ತಿದ್ದರು. ಎತ್ತಿದ ಕೂಡಲೇ ರಾಡಿನ ತುದಿ ಬಾಗುತ್ತಿತ್ತು, ದಾರ ಸಡಿಲವಾಗುತ್ತಿತ್ತು, ಮೀನು ಹೋಗುತ್ತಿತ್ತು. ಮೊದಲ ಶುಕ್ರವಾರ ಮೂರು ಮೀನು ಹಾಗೆಯೇ ಹೋದವು.

ದೋಣಿಯ ಪಕ್ಕದಲ್ಲಿ ಬಲೆ ಹೊಲಿಯುತ್ತಿದ್ದ ಒಬ್ಬರು ಒಮಾನಿ ಮುದುಕರು ಇದನ್ನು ಬಹಳ ಹೊತ್ತು ನೋಡಿದರು. ಅಪ್ಪನಿಗೆ ಅವರು ಹಳೇ ಗುರುತು. ಕೊನೆಗೆ, ಇಲ್ಲಿ ಎಲ್ಲರೂ ಎಲ್ಲರೊಂದಿಗೆ ಆಡುವ ಆ ಮುರುಕು ಹಿಂದಿಯಲ್ಲಿ ಅಂದರು: “ಯೇ ನಫರ್ ಮಚ್ಛಿ ನಹೀಂ ಪಕಡ್ತಾ. ಮಚ್ಛಿ ಆತಾ, ಯೇ ಸಲಾಂ ಕರ್ತಾ. ಖಲಾಸ್, ಮಚ್ಛಿ ಭೀ ಸಲಾಂ ಕರ್ಕೇ ಜಾತಾ.”

ಈ ಮನುಷ್ಯ ಮೀನು ಹಿಡಿಯುತ್ತಿಲ್ಲ, ಬಂದ ಮೀನಿಗೆ ಸಲಾಂ ಹೊಡೆಯುತ್ತಾನೆ. ಮೀನೂ ಸಲಾಂ ಹೊಡೆದು ಹೋಗುತ್ತದೆ. ನಾನು ನಗೆ ತಡೆಯಲಾಗದೆ ಕಾರಿನ ಹಿಂದಕ್ಕೆ ಹೋದೆ. ಅಪ್ಪ ನಗಲಿಲ್ಲ. ಅವರಿಗೂ ಅದೇ ಕಂಡಿತ್ತು. ಅವರು ನೀರಿಗಿಳಿದು, “ಸರ್, ಒಂದು ವಿಷಯ ಹೇಳುದಾ? ಮೀನು ಕಚ್ಚಿದಾಗ ನೀವು ಕೈ...” ಎಂದು ಶುರು ಮಾಡಿದರು.

“ನಿಮ್ಮದು ಹ್ಯಾಂಡ್‌ಲೈನ್ ಮಾರಾಯ್ರೆ,” ಎಂದರು ಮ್ಯಾನೇಜರ್, ತಿರುಗಿಯೂ ನೋಡದೆ. “ಅದು ಸಾರು ಮಾಡ್ಲಿಕ್ಕೆ. ಇದು ಆರ್ಟ್. ಎರಡನ್ನೂ ಮಿಕ್ಸ್ ಮಾಡ್ಬೇಡಿ.”

ಅಪ್ಪ “ಹೌದು ಸರ್” ಎಂದು ದಡಕ್ಕೆ ಬಂದು, ಪ್ಯಾಂಟಿನ ಕಾಲು ಹಿಂಡಿಕೊಂಡರು. ಆಮೇಲೆ ಅವರು ಆ ವಿಷಯ ಎತ್ತಲಿಲ್ಲ. ಇಪ್ಪತ್ತು ವರ್ಷ ಯಾರ ಕೈಕೆಳಗೆ ದುಡಿದಿರುತ್ತೇವೋ ಅವರಿಗೆ ಎರಡನೇ ಸಲ ಹೇಳುವ ಅಭ್ಯಾಸ ಅಪ್ಪನ ಪೀಳಿಗೆಯವರಿಗಿಲ್ಲ.

ನಾನು ಆ ವಾರ ಊಟದ ಬಿಡುವುಗಳನ್ನೆಲ್ಲ ವಿಡಿಯೋ ನೋಡಿ ಕಳೆದೆ. ನನ್ನ ಸಂಶಯವೇ ಸರಿ. ಅಪ್ಪನ ಸಂಶಯವೂ. ಟ್ರೌಟಿನ ಬಾಯಿ ಮೆದು. ಸಣ್ಣ ಕೊಕ್ಕೆ, ತೆಳು ದಾರ, ರಾಡ್ ಎತ್ತಿದರೆ ಸಾಕು ನಾಟುತ್ತದೆ. ಸಮುದ್ರದ ಮೀನಿನ ಬಾಯಿ ಗಟ್ಟಿ. ರಾಡನ್ನು ತಗ್ಗಿಸಿ ಮೀನಿನ ಕಡೆಗೇ ಹಿಡಿದು, ಎಡಗೈಯಲ್ಲಿ ದಾರವನ್ನು ಬಿಗಿಯಾಗಿ ಹಿಂದಕ್ಕೆ ಎಳೆಯಬೇಕು. ಒಂದೇ ಎಳೆತ. ಟ್ರೌಟ್ ಹಿಡಿದು ಪಳಗಿದವರು ಸಮುದ್ರಕ್ಕೆ ಬಂದು ಮಾಡುವ ಈ ತಪ್ಪು ಎಷ್ಟು ಸಾಮಾನ್ಯವೆಂದರೆ, ಫ್ಲೈ ಹಾಕುವವರು ಅದಕ್ಕೆ ಟ್ರೌಟಿನ ಹೆಸರನ್ನೇ ಇಟ್ಟು ನಗುತ್ತಾರೆ. ಮತ್ತೆ ಆ ಸರಿಯಾದ ಎಳೆತವನ್ನು ನಿಧಾನ ಮಾಡಿ ತೋರಿಸಿದ ವಿಡಿಯೋ ನೋಡುವಾಗ ನನಗೆ ಪರಿಚಯದ ಕೈ ಕಂಡಿತು. ಅಪ್ಪ ಕೈದಾರ ಎಳೆಯುವುದು ಥೇಟ್ ಹಾಗೆಯೇ. ಸಾರಿನವರ ಕೈ.

ಅಂದರೆ ಇಡೀ ಸೂರಿನಲ್ಲಿ ಅವರಿಗೆ ಬೇಕಾದ ಒಂದೇ ವಾಕ್ಯ ಮೂರು ಜನರ ಬಳಿ ಇತ್ತು. ಬಲೆಯ ಮುದುಕರ ಮಾತನ್ನು ಅವರು ಕೇಳಿಸಿಕೊಳ್ಳುವುದಿಲ್ಲ. ಅಪ್ಪ ಹೇಳುವುದಿಲ್ಲ. ಉಳಿದದ್ದು ನಾನು.

ಎರಡನೇ ವಾರ, ಮೂರನೇ ವಾರ ಅದೇ ಕಥೆ. ಪ್ರತಿ ಸಲ ರಾಡ್ ಮೇಲೆದ್ದಾಗ ನನ್ನ ಎದೆಯಲ್ಲಿ ಒಂದು ಚಪ್ಪಾಳೆ. ಅವರು ಕೊಕ್ಕೆ ಬದಲಾಯಿಸಿದರು, ಗರಿಯ ಬಣ್ಣ ಬದಲಾಯಿಸಿದರು, ದುಬೈಯಿಂದ ಹೊಸ ದಾರ ತರಿಸಿದರು, ಗಾಳಿಯನ್ನು ದೂರಿದರು, ನೀರು ಸ್ವಚ್ಛವಿದೆ ಎಂದು ದೂರಿದರು, ಮರುವಾರ ನೀರು ಕದಡಿದೆ ಎಂದರು. ಎಲ್ಲವನ್ನೂ ಅನುಮಾನಿಸಿದರು, ತಮ್ಮ ಬಲಗೈ ಒಂದನ್ನು ಬಿಟ್ಟು. ನಾನು ದಡದಲ್ಲಿ ಕುರ್ಚಿ ಹಾಕಿಕೊಂಡು ಅವರು ಕೊಟ್ಟ ಫೋನ್ ಹಿಡಿದು ಕೂರುತ್ತಿದ್ದೆ. ಮೀನು ಸಿಕ್ಕಿದರೆ ಫೋಟೋ ತೆಗೆಯುವ ಕೆಲಸ ನನ್ನದು.

ನಾಲ್ಕನೇ ವಾರದ ನಡುವೆ, ಸಂಜೆ ಚಹಾ ಹೊತ್ತಿಗೆ, ಅಪ್ಪ ಅಡುಗೆಮನೆಯ ಬಾಗಿಲಿಗೆ ಒರಗಿ ಕೇಳಿದರು. “ನಿನಗೆ ಗೊತ್ತುಂಟಲ್ಲ, ಅವರ ಮೀನು ಯಾಕೆ ಹೋಗ್ತದೆ ಅಂತ.”

“ಗೊತ್ತುಂಟು.”

“ನೀನು ಹೇಳು ಮತ್ತೆ. ನಿನ್ನ ಹತ್ರ ವಿಡಿಯೋ ಉಂಟು, ಇಂಗ್ಲಿಷಿನಲ್ಲಿ ಉಂಟು. ನಾನು ಹೇಳಿದ್ರೆ ನಂಬುದಿಲ್ಲ, ವಿಡಿಯೋ ಹೇಳಿದ್ರೆ ನಂಬ್ತಾರೆ.”

“ಅವರು ಕೇಳ್ಳಿ. ಕೇಳಿದ್ರೆ ಹೇಳ್ತೇನೆ. ಕೇಳದವರಿಗೆ ಹೇಳುದು ಅಹಂಕಾರ ಅಲ್ವಾ? ಹುಡುಗಿಯರು ಹಾಗೆಲ್ಲ ಮಾಡಿದ್ರೆ ಅತ್ತೆಗೆ ಇನ್ಶೂರೆನ್ಸ್ ಬೇಕಾಗ್ತದೆ.”

ಅಪ್ಪ ಲೋಟವನ್ನು ತಿರುಗಿಸುತ್ತ ನಿಂತರು. “ಅದು ಇನ್ನೂ ಉಂಟಾ ನಿನ್ನ ತಲೆಯಲ್ಲಿ?”

“ನಿಮ್ಮ ತಲೆಯಲ್ಲಿ ಇಲ್ವಾ? ನಗು ಬಂದಿತ್ತಲ್ಲ ಆಗ.”

“ಅವರು ನನ್ನ ವೀಸಾ ಎರಡು ಸಲ ಉಳಿಸಿದ ಮನುಷ್ಯ ಮಗಾ. ಆಳು ಕಡಿಮೆ ಮಾಡುವಾಗ ಪಟ್ಟಿಯಿಂದ ಹೆಸರು ತೆಗೆಸಿದ್ರು.”

“ಕಂಪನಿಗೆ ಸ್ಟೋರ್‌ನ ಬೀಗ ಎಲ್ಲಿ ಉಂಟು ಅಂತ ಗೊತ್ತಿರುವವರು ಬೇಕಿತ್ತು. ಅದು ಉಪಕಾರ ಅಲ್ಲ, ಅನುಕೂಲ.”

“ನಿನ್ನತ್ರ ಮಾತಾಡ್ಲಿಕ್ಕೆ ಆಗುದಿಲ್ಲ,” ಎಂದರು ಅಪ್ಪ. ಹೊರಡುವ ಮೊದಲು ಮತ್ತೆ ತಿರುಗಿ, “ಕೇಳಿದ್ರೆ ಹೇಳ್ತಿ ಅಲ್ಲ?” ಎಂದರು.

“ಹೇಳ್ತೇನೆ.”

ಆ ಮಾತು ಕೊಡುವಾಗ ನನಗೆ ಧೈರ್ಯವಿತ್ತು. ಆ ಮನುಷ್ಯ ನನ್ನನ್ನು ಕೇಳುವುದು ಸಾಧ್ಯವೇ ಇರಲಿಲ್ಲ. ಐದನೇ ಶುಕ್ರವಾರ ದಡದಲ್ಲಿ ಗೋಜಲಾದ ದಾರಕ್ಕೆ ಅಪ್ಪ ಕೈ ಹಾಕಿದ್ದಕ್ಕೇ, ಇನ್ನೊಬ್ಬರು ದಾರ ಮುಟ್ಟಿದರೆ ಆ ಮೀನು ಲೆಕ್ಕಕ್ಕಿಲ್ಲ ಎಂದು ಗದರಿದವರು ಅವರು.

ಕೊನೆಯ ಶುಕ್ರವಾರ. ಭಾನುವಾರ ಅವರ ವಿಮಾನ. ವಾರವೆಲ್ಲ ಬೀಸಿದ ಉತ್ತರದ ಗಾಳಿ ನಿಂತು, ಖೋರ್ ಕನ್ನಡಿಯಾಗಿತ್ತು. ಚಳಿ ಎಂದರೆ ಇಲ್ಲಿಯ ಚಳಿ. ಒಂದು ಸ್ವೆಟರ್, ಬಿಸಿಲೇರಿದರೆ ಅದೂ ಬೇಡ. ದಡದಿಂದ ಒಂದು ಬೀಸಿಗೆ ಸಿಗುವಷ್ಟು ದೂರದಲ್ಲಿ ಮರಿಮೀನುಗಳು ನೀರನ್ನು ಕುದಿಸುತ್ತಿದ್ದವು. ಅಂಥ ಬೆಳಗು ಆ ಚಳಿಗಾಲದಲ್ಲಿ ಬಂದಿರಲಿಲ್ಲ. ಅವರು ಮೊದಲ ಅರ್ಧ ಗಂಟೆಯಲ್ಲೇ ಎರಡು ಮೀನಿಗೆ ಸಲಾಂ ಹೊಡೆದು ಕಳಿಸಿಕೊಟ್ಟರು.

ಎರಡನೆಯದು ಹೋದ ಮೇಲೆ ನೀರಿನಿಂದ ಎದ್ದು ಬಂದು, ಡಿಕ್ಕಿಯ ಅಂಚಿನಲ್ಲಿ ಕೂತರು. ಅಪ್ಪ ಫ್ಲಾಸ್ಕಿನಿಂದ ಹಾಲಿಲ್ಲದ ಸುಲೈಮಾನಿ ಚಹಾ ಬಗ್ಗಿಸಿ ಕೊಟ್ಟು ಸ್ವಲ್ಪ ಆಚೆ ನಿಂತರು.

“ಲಾಯರಮ್ಮ,” ಎಂದರು. ದನಿಯಲ್ಲಿ ಎಂದಿನ ಚುಚ್ಚು ಇರಲಿಲ್ಲ. “ನೀನು ಎಲ್ಲದರಲ್ಲೂ ತಪ್ಪು ಹುಡುಕ್ತಿಯಲ್ಲ. ಆರು ವಾರದಿಂದ ನೋಡ್ತಾ ಇದ್ದಿ. ಸತ್ಯ ಹೇಳು. ನಾನು ಎಂತ ತಪ್ಪು ಮಾಡ್ತಾ ಇದ್ದೇನೆ?”

ಕೇಳಿಯೇ ಬಿಟ್ಟರು. ಅದೂ ನೇರವಾಗಿ, ಯಾವ ಜೋಕೂ ಇಲ್ಲದೆ. ಅಪ್ಪ ನನ್ನ ಕಡೆ ನೋಡಿದರು. ಕಪ್ಪು ಕನ್ನಡಕದ ಹಿಂದೆ ಕಣ್ಣು ಕಾಣುತ್ತಿರಲಿಲ್ಲ, ಆದರೆ ಗಲ್ಲ ಸ್ವಲ್ಪ ಮೇಲಾದದ್ದು ಕಂಡಿತು. ಹೇಳು ಎಂಬ ಹಾಗೆ. ಉತ್ತರ ನನ್ನ ನಾಲಗೆಯ ಮೇಲೆ ಸಿದ್ಧವಾಗಿತ್ತು, ಕಾರಣ ಸಮೇತ, ಉದಾಹರಣೆ ಸಮೇತ.

“ಗೊತ್ತಿಲ್ಲ ಅಂಕಲ್,” ಎಂದೆ. “ಎಲ್ಲ ಸರಿಯೇ ಮಾಡ್ತಾ ಇದ್ದೀರಿ. ಲಕ್ ಬೇಕು ಅಷ್ಟೇ.”

ಲಕ್ ಎಂಬ ಶಬ್ದವನ್ನು ನಾನು ಬದುಕಿನಲ್ಲಿ ಗಂಭೀರವಾಗಿ ಬಳಸಿದವಳಲ್ಲ. ಅವರು ಅದನ್ನು ನಂಬಿದರು. ತಲೆಯಾಡಿಸಿ, ಲೋಟ ಇಟ್ಟು, ಮತ್ತೆ ನೀರಿಗಿಳಿದರು. ಅಪ್ಪ ಚಪ್ಪಲಿ ಕಳಚಿ, ಪ್ಯಾಂಟ್ ಮಡಚಿ, ಅವರ ಹಿಂದೆಯೇ ಇಳಿದು ಎಡಭುಜದ ಪಕ್ಕ ನಿಂತರು. ಅಪ್ಪ ಅಷ್ಟು ಹತ್ತಿರ ಹೋಗಿ ನಿಂತದ್ದು ಆ ಆರು ವಾರದಲ್ಲಿ ಅದೇ ಮೊದಲು.

ಬೀಸಿದರು. ದಾರ ಬಿಚ್ಚಿಕೊಂಡು ಹೋಗಿ ಕುದಿಯುವ ನೀರಿನ ಅಂಚಿಗೆ ಮಲಗಿತು. ಗೇಣು, ಗೇಣು, ಗೇಣು. ನೀರು ಒಡೆಯಿತು, ಬೆಳ್ಳಗಿನ ಪಕ್ಕೆ ತಿರುಗಿತು. ರಾಡ್ ಆಕಾಶಕ್ಕೆದ್ದಿತು, ತುದಿ ಬಾಗಿತು, ನಾನು ಮನಸ್ಸಿನಲ್ಲೇ ಮೂರನೆಯದು ಎಂದುಕೊಂಡೆ. ಅಷ್ಟರಲ್ಲಿ ಅಪ್ಪನ ಕೈ ಬಂತು. ಬಾಸ್‌ನ ಎದೆಯ ಮುಂದಿನಿಂದ ಬಂದು, ರಾಡಿನ ಮೊದಲ ರಿಂಗಿನ ಕೆಳಗೆ ದಾರವನ್ನು ಮುಷ್ಟಿಯಲ್ಲಿ ಹಿಡಿದು, ಸೊಂಟದವರೆಗೆ ಒಮ್ಮೆ ಎಳೆಯಿತು. ಎಳೆದು ಬಿಟ್ಟಿತು.

ರೀಲ್ ಕಿರುಚಿತು. ಮೀನು ಖೋರ್ ಬಾಯಿಯ ಕಡೆಗೆ ಓಡಿತು, ಹಾರಿತು, ಮತ್ತೆ ಓಡಿತು. ಮ್ಯಾನೇಜರ್ ಸಣ್ಣ ಹುಡುಗರ ಹಾಗೆ ನಗುತ್ತ ನೀರಿನಲ್ಲಿ ಮುಗ್ಗರಿಸುತ್ತ ಅದರ ಹಿಂದೆ ಹೋದರು. ಹತ್ತು ನಿಮಿಷದ ಮೇಲೆ, ತೋಳಿನುದ್ದದ ಕ್ವೀನ್‌ಫಿಶ್ ದಡದ ಮರಳಿನಲ್ಲಿ ಮಿಂಚುತ್ತಿತ್ತು. ಅವರು ಮಂಡಿಯೂರಿ ಅದನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಕಡೆ ತಿರುಗಿದರು. “ತೆಗಿ, ತೆಗಿ. ಬೇಗ ತೆಗಿ ಮಗಳೇ.”

ಫೋನ್ ನನ್ನ ಕೈಯಲ್ಲಿತ್ತು. ಪರದೆಯ ಚೌಕದೊಳಗೆ ಅವರ ಮುಖ, ಮೀನು, ಹಿಂದೆ ಖೋರ್. ನಾನು ಒತ್ತಲಿಲ್ಲ.

“ಅಂಕಲ್, ಇದು ನಿಮ್ಮ ಮೀನಲ್ಲ ಅಲ್ವಾ?”

“ಎಂತ?”

“ದಾರಕ್ಕೆ ಇನ್ನೊಬ್ಬರ ಕೈ ತಗುಲಿದ್ರೆ ಆ ಮೀನು ಲೆಕ್ಕಕ್ಕಿಲ್ಲ. ಹೋದ ವಾರ ಗೋಜಲು ಬಿಡಿಸ್ಲಿಕ್ಕೆ ಅಪ್ಪ ಕೈ ಹಾಕಿದಾಗ ನೀವೇ ಹೇಳಿದ್ರಲ್ಲ. ಮೀನಿನ ದಾಖಲೆ ಬರೆಯುವವರ ರೂಲ್ ಅದು, ಮುಟ್ಬೇಡಿ ಅಂತ. ಕೊಕ್ಕೆ ನಾಟಿಸಿದ್ದು ಅಪ್ಪ.”

ನಾನು ದನಿ ಏರಿಸಲಿಲ್ಲ. ಚೆನ್ನಾಗಿ ಕಟ್ಟಿದ ವಾದಕ್ಕೆ ದನಿ ಬೇಕಾಗುವುದಿಲ್ಲ. ಅವರ ಮುಖದಲ್ಲಿ ಮೊದಲು ಸಿಟ್ಟು ಬಂತು, ಆಮೇಲೆ ಅವರು ಅಪ್ಪನ ಕೈಯನ್ನು ನೋಡಿದರು, ತಮ್ಮ ಕೈಯನ್ನು ನೋಡಿದರು, ಸಿಟ್ಟು ಇಳಿಯಿತು. ತಾವೇ ಹೇಳಿದ ನಿಯಮವನ್ನು ಮುರಿಯುವ ಜಾತಿಯಲ್ಲ ಅವರು. ನಾನು ಲೆಕ್ಕ ಹಾಕಿದ್ದೂ ಅದನ್ನೇ.

“ಹೌದು,” ಎಂದರು. “ಸರಿ. ನನ್ನದಲ್ಲ.” ಮೀನನ್ನು ಮರಳಿನ ಮೇಲೆ ಅಪ್ಪನ ಕಾಲ ಬಳಿ ಇಟ್ಟರು. “ನೀವು ಆಗ ಎಂತ ಮಾಡಿದ್ರಿ? ತೋರಿಸಿ,” ಎಂದು ಅಪ್ಪನನ್ನು ಕೇಳಿದರು.

ಅಪ್ಪ ಖಾಲಿ ಮುಷ್ಟಿ ಕಟ್ಟಿ ಗಾಳಿಯನ್ನು ಸೊಂಟದವರೆಗೆ ಎಳೆದು ತೋರಿಸಿದರು. “ಎಳೀಬೇಕು ಸರ್. ಎತ್ತಬಾರ್ದು.”

“ಇಷ್ಟೇನಾ?”

“ಇಷ್ಟೇ.”

“ಮೊದಲೇ ಹೇಳ್ಬಹುದಿತ್ತಲ್ಲ ಮಾರಾಯ್ರೆ ಯಾರಾದ್ರೂ.”

ಅಪ್ಪ ಬಗ್ಗಿ ಮೀನಿನ ಬಾಯಿಂದ ಕೊಕ್ಕೆ ಬಿಡಿಸಿದರು. ನನ್ನ ಕಡೆ ನೋಡಲಿಲ್ಲ. ಬಿಸಿಲೇರಿ ಮರಿಮೀನುಗಳು ಆಗಲೇ ಚದುರಿದ್ದವು. ಮ್ಯಾನೇಜರ್ ಇನ್ನೂ ಒಂದು ಗಂಟೆ ಬೀಸಿದರು, ಈ ಸಲ ರಾಡ್ ತಗ್ಗಿಸಿ, ಎಡಗೈ ಸಿದ್ಧ ಮಾಡಿಕೊಂಡು, ಒಳ್ಳೆಯ ವಿದ್ಯಾರ್ಥಿಯ ಹಾಗೆ. ಏನೂ ಕಚ್ಚಲಿಲ್ಲ. ರಾಡನ್ನು ನಾಲ್ಕು ತುಂಡು ಮಾಡಿ ಕೊಳವೆಗೆ ತುಂಬುವಾಗ ಅವರು ತುಂಡುಗಳನ್ನು ಒಂದೊಂದಾಗಿ ಒರೆಸಿದರು. ವಾಪಸು ದಾರಿಯಲ್ಲಿ ಸ್ಕಾಟ್ಲೆಂಡ್ ಇರಲಿಲ್ಲ. ಮನೆ ಮುಂದೆ ಇಳಿದು, ಅಪ್ಪನ ಕೈ ಹಿಡಿದು, ನನಗೆ “ಬರ್ತೇನೆ” ಎಂದರು. ಲಾಯರಮ್ಮ ಅನ್ನಲಿಲ್ಲ.

ಗೆದ್ದೆನೇ ಎಂದು ಯಾರಾದರೂ ಕೇಳಿದರೆ, ಗೆದ್ದೆ. ಆ ಮನುಷ್ಯ ಫೋಟೋ ಇಲ್ಲದೆ ಹೋದರು. ಅದನ್ನು ಮಾಡಿದ್ದು ನನ್ನ ಎರಡು ವಾಕ್ಯ, ಒಂದು ಸುಳ್ಳು, ಒಂದು ನಿಜ. ಸುಳ್ಳಿನ ಬಗ್ಗೆ ಅಪ್ಪ ಅವತ್ತಾಗಲಿ ಆಮೇಲಾಗಲಿ ಒಂದು ಮಾತೂ ಕೇಳಿಲ್ಲ. ಕೇಳಿದ್ದರೆ ಉತ್ತರ ಸಿದ್ಧವಿತ್ತು.

ಅಮ್ಮ ಆ ಮೀನನ್ನು ಹುಳಿ ಖಾರ ಸೇರಿಸಿ ಸಾರು ಮಾಡಿದರು. ಕಾಯಿ ಅರೆದು, ಗಟ್ಟಿಯಾಗಿ, ಕುಚ್ಚಲಕ್ಕಿ ಅನ್ನದ ಜೊತೆಗೆ. ಅಪ್ಪನ ತಟ್ಟೆಗೆ ನಡುವಿನ ದಪ್ಪ ತುಂಡು ಹಾಕಿದಾಗ ಅವರು ಅದನ್ನು ಬೆರಳಿನಿಂದ ಮೆಲ್ಲಗೆ ಬದಿಗೆ ಸರಿಸಿ, ಮಜ್ಜಿಗೆ ಹಾಕಿಸಿಕೊಂಡರು. ಹೊಟ್ಟೆ ಸರಿಯಿಲ್ಲವಾ ಎಂದು ಅಮ್ಮ ಕೇಳಿದರು. ಇಲ್ಲ, ಸಾಕು ಎಂದರು ಅಪ್ಪ, ಉಂಡು ಎದ್ದು ಕೈ ತೊಳೆದರು.

ಅವರ ಪಾಲಿನ ತುಂಡನ್ನು ನಾನು ನನ್ನ ತಟ್ಟೆಗೆ ಹಾಕಿಕೊಂಡೆ. ಮುಳ್ಳು ಬಿಡಿಸಿ ನಿಧಾನವಾಗಿ, ಪೂರ್ತಿ ತಿಂದೆ. ರುಚಿಯಾಗಿತ್ತು.